ಬಾಯಿಗೆ ಬಂದಿದ್ದು

ದೇವಸಂದ್ರ, ಕೆ.ಆರ್. ಪುರ
೧೧ ಫೆಬ್ರವರಿ ೨೦೨೫

ಲಕ್ಷ್ಮಿಕಾಂತಣ್ಣನಿಗೆ,

ನಾನು ಪೂಜಿತಾ, ದೇವಸಂದ್ರದ ಮುನಿಗಂಗಮ್ಮನ ಮಗಳು. ಸಿನಿಮಾಕ್ಕೆ ಸೇರುವ ಮೊದಲು ನೀವು ನಮ್ಮ ಮನೆಯ ಮಹಡಿ ರೂಮಿನಲ್ಲಿ ಬಾಡಿಗೆಗಿದ್ದಿರಿ. ಆಗ ನಾನು ಹೈಸ್ಕೂಲು. ಇಷ್ಟು ಹೇಳಿದರೂ ನೆನಪಾಗದಿದ್ದರೆ ನೀವು ಹೋಗಿದ್ದ ಷೋ ಹಾಕಿಕೊಂಡು ನೋಡಿ. ಅದರಲ್ಲಿ ನಾವಿದ್ದೇವೆ.

ಹೇಗಾದರೂ ನಂಬರು ಹುಡುಕಿ ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ಮಾತಾಡುತ್ತೀರಿ. ನಿಮ್ಮ ಮಾತು ಕೇಳಿದರೆ ಎಂಥ ಕೋಪದಲ್ಲಿದ್ದರೂ ನನಗೆ ನಗು ಬಂದುಬಿಡುತ್ತದೆ, ಚಿಕ್ಕವಳಿದ್ದಾಗಿಂದ ಹಾಗೆ. ಈಗ ನನಗೆ ನಗುವುದು ಬೇಡ. ನೀವೂ ಉತ್ತರವನ್ನು ಬರೆದೇ ಕಳಿಸಿ, ವಾಯ್ಸ್ ಮೆಸೇಜ್ ಬೇಡ. ನಾನು ಇಂದಿರಾನಗರದ ಒಂದು ಕನ್ನಡಕದ ಅಂಗಡಿಯಲ್ಲಿದ್ದೇನೆ. ಆ ಷೋದ ಸ್ಟುಡಿಯೊ ಅಲ್ಲಿಂದ ಹತ್ತಿರ. ಈ ಲಕೋಟೆಯನ್ನು ನಾನೇ ಅಲ್ಲಿ ಕೊಟ್ಟು ಹೋಗುತ್ತೇನೆ. ಅಂಗಡಿಯ ವಿಳಾಸ ಹಿಂಬದಿಯಲ್ಲಿದೆ.

'ಬಾಯಿಗೆ ಬಂದಿದ್ದು' ಷೋವನ್ನು ನಾನು ಮೊದಲ ಎಪಿಸೋಡಿನಿಂದ ನೋಡಿದವಳು. ಮಧ್ಯಾಹ್ನ ಡಬ್ಬಿ ತೆರೆದಾಗ, ಮೆಟ್ರೋದಲ್ಲಿ ನಿಂತಾಗ ಅದೇ. ಸ್ಕ್ರಿಪ್ಟ್ ಇಲ್ಲ, ರಿಹರ್ಸಲ್ ಇಲ್ಲ ಎಂದು ಷೋ ನಡೆಸುವ ಪ್ರೇಮ್‌ಕುಮಾರ್ ಶುರುಮಾಡುವಾಗ ಆ ಸೋಫಾದ ಒಂದು ಮೂಲೆಯಲ್ಲಿ ನನಗೂ ಜಾಗ ಕೊಟ್ಟ ಹಾಗೆ ಅನ್ನಿಸುತ್ತಿತ್ತು. ನೀವು ಬಂದ ಎಪಿಸೋಡನ್ನು ಹೆಮ್ಮೆಯಿಂದ ಹಾಕಿಕೊಂಡೆ. ರೈಲು ಬೈಯಪ್ಪನಹಳ್ಳಿ ದಾಟುತ್ತಿತ್ತು. ನೀವು ಹೇಳಿದಿರಿ:

"ಕೆ.ಆರ್. ಪುರದಲ್ಲಿ ರೂಮ್ ಮಾಡ್ಕೊಂಡಿದ್ದೆ ಗುರು. ಓನರ್ ಆಂಟಿ ಒಬ್ರಿದ್ರು, ಬಾಯಿ ಅಂದ್ರೆ ಬಾಯಿ! ಒಂದಿನ ಆಫೀಸರ್ ವಾಯ್ಸಲ್ಲಿ ಫೋನ್ ಮಾಡ್ದೆ. ರೋಡ್ ಅಗಲ ಮಾಡ್ತಿದೀವಿ, ನಿಮ್ಮನೆ ಒಡೀತೀವಿ, ಖಾಲಿ ಮಾಡ್ರಿ ಅಂದೆ. ಆಂಟಿ ಏನಂದ್ರು ಗೊತ್ತಾ? 'ಸ್ವಾಮಿ, ಗೋಡೆ ಬೇಕಾದ್ರೆ ತಗೊಳ್ಳಿ, ಬಚ್ಚಲೊಂದು ಬಿಡಿ ಸ್ವಾಮಿ!'"

'ಬಾಯಿ ಅಂದ್ರೆ ಬಾಯಿ' ಅಂದಾಗ ನಾನೂ ನಕ್ಕಿದ್ದೆ. ಆಮೇಲೆ ನಿಮ್ಮ ಗಂಟಲಿನಿಂದ ನನ್ನ ಅಮ್ಮನ ದನಿ ಹೊರಬಂತು. ಅವಳ ಅಳು, ಅವಳು ಉಸಿರೆಳೆದುಕೊಳ್ಳುವ ರೀತಿ, ಎಲ್ಲವೂ. ಪ್ರೇಮ್‌ಕುಮಾರ್ ನಗುತ್ತಾ ಸೋಫಾದಿಂದ ಕೆಳಗೆ ಜಾರಿದ. ನಿಮ್ಮ ಪಕ್ಕದ ನಟರಿಬ್ಬರೂ ಒಬ್ಬರ ತೊಡೆ ಒಬ್ಬರು ತಟ್ಟಿಕೊಂಡರು.

ಆ ಬಚ್ಚಲು ಯಾಕಿತ್ತು ಎಂದು ಅವರಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು. ಅಪ್ಪನಿಗೆ ಲಕ್ವ ಹೊಡೆದಿತ್ತು. ಹಿತ್ತಲಿನ ಬಚ್ಚಲಿಗೆ ಹೋಗಲಾಗುತ್ತಿರಲಿಲ್ಲವೆಂದು ಅಮ್ಮ ಮಂಚದ ಪಕ್ಕಕ್ಕೇ ಒಂದನ್ನು ಕಟ್ಟಿಸಿದಳು. ಅದರ ಇಟ್ಟಿಗೆ ಹೊತ್ತವರು ನೀವು. ಭುಜ ಕೆಂಪಾಗಿ, ಅಮ್ಮ ಕೊಬ್ಬರಿ ಎಣ್ಣೆ ಹಚ್ಚಿದ್ದಳು.

ಅವಳಿನ್ನೂ ಆ ಷೋ ನೋಡಿಲ್ಲ. ಫೋನ್ ಮಾಡಿದ್ದು ನೀವೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಅವಳ ಕಣ್ಣಿಗೆ ಬೀಳುವ ಮೊದಲು ತೆಗೆಸಿ. ಅಷ್ಟೇ ಕೇಳುತ್ತಿರುವುದು.

ಪೂಜಿತಾ


ಇಂದಿರಾನಗರ
೨೦ ಫೆಬ್ರವರಿ ೨೦೨೫

ಪ್ರೀತಿಯ ಪೂಜಿ,

ಕಾಗದ! ನನ್ನ ಹೆಸರಿಗೆ ಕೈಬರಹದ ಕಾಗದ ಬಂದು ಎಷ್ಟು ಕಾಲವಾಗಿತ್ತೋ. ಪ್ರೇಮ್‌ಕುಮಾರನಿಗೂ ತೋರಿಸಿದೆ. "ಏನ್ ಬರೀತಾಳೆ ಮಗಾ" ಅಂದ. ಆ ಚಿಕ್ಕ ಪೂಜಿ ಇಷ್ಟು ದೊಡ್ಡವಳಾಗಿ ನನ್ನನ್ನೇ ಬೈಯುತ್ತಿದ್ದಾಳೆ ಅಂದರೆ ನನಗೆ ಬೇಜಾರಿಲ್ಲ, ಖುಷಿಯೇ.

ಆದರೆ ನೀನು ಸಣ್ಣದನ್ನು ದೊಡ್ಡದು ಮಾಡುತ್ತಿದ್ದೀಯ. ಆ ಷೋದ ಗಮ್ಮತ್ತೇ ಅದು ಪೂಜಿ, ಮುಂದಿನ ಮಾತು ಏನೆಂದು ಯಾರಿಗೂ ಗೊತ್ತಿರುವುದಿಲ್ಲ. ನಾಲ್ಕು ಜನ ಗೆಳೆಯರು ಕೂತಾಗ ಕ್ಯಾಮೆರಾ ಇದೆ ಅನ್ನುವುದೇ ಮರೆತುಹೋಗುತ್ತದೆ. ಹರಟೆಯಲ್ಲಿ ಬಂದದ್ದು ಬಂತು. ನಾನು ಹೆಸರು ಹೇಳಿಲ್ಲ, ಬೀದಿ ಹೇಳಿಲ್ಲ. ವೀಡಿಯೊ ಕೆಳಗೆ ಜನ ಬರೆದಿರುವುದನ್ನು ಓದು. "ನಮಗೂ ಇಂಥ ಆಂಟಿ ಬೇಕು" ಅಂತಿದ್ದಾರೆ. ಅದು ಪ್ರೀತಿಯಲ್ಲವಾ?

ಆ ಫೋನು ತಮಾಷೆ ಎಂದು ಮಾರನೇ ದಿನವೇ ನಿನ್ನಮ್ಮನಿಗೆ, ಅಕ್ಕಾರಿಗೆ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಹುಬ್ಬಳ್ಳಿಯ ಶೂಟಿಂಗಿಗೆ ಕರೆ ಬಂತು. ನನ್ನ ಮೊದಲ ಪಾತ್ರ. ಬಟ್ಟೆ ತುಂಬಿಕೊಂಡು ಓಡಿದೆ, ಆಮೇಲೆ ಮರೆತೇಹೋಯಿತು. ಮನೆಯನ್ನಂತೂ ಯಾರೂ ಒಡೆಯಲಿಲ್ಲವಲ್ಲ!

ಎಪಿಸೋಡ್ ತೆಗೆಯುವುದು ನನ್ನ ಕೈಯಲ್ಲಿಲ್ಲ, ಅದು ಷೋದವರದ್ದು. ಕೇಳಿ ನೋಡುತ್ತೇನೆ. ನಿನ್ನಪ್ಪ, ಅಣ್ಣಾರು ಹೇಗಿದ್ದಾರೆ? ಈಗ ಎದ್ದು ಓಡಾಡುತ್ತಾರಾ? ಅಕ್ಕಾರಿಗೆ ನನ್ನ ಶರಣು ಹೇಳು.

ನಿನ್ನ ಅಣ್ಣ,
ಲಕ್ಷ್ಮಿಕಾಂತ


ದೇವಸಂದ್ರ
೧೬ ಮಾರ್ಚ್ ೨೦೨೫

ಲಕ್ಷ್ಮಿಕಾಂತ ಅವರಿಗೆ,

ಅಪ್ಪ ಎದ್ದು ಓಡಾಡುತ್ತಾರಾ ಎಂದು ಕೇಳಿದ್ದೀರಿ. ಆ ಸಾಲು ಓದಿ ನಿಮ್ಮ ಕಾಗದವನ್ನು ಹರಿಯಲು ಹೋದೆ. ಹರಿಯಲಿಲ್ಲ. ನಿಮ್ಮ ಕೈಬರಹದಲ್ಲೇ ಅದು ಇರಲಿ.

ಅಮ್ಮ ನೋಡಿದಳು. ಎದುರು ಮನೆಯ ಶಮೀಮ್ ಆಂಟಿ ಹೊಲಿಗೆ ಮೆಷಿನ್ ಬಿಟ್ಟು ಓಡಿಬಂದು, "ಮುನಿಗಂಗಮ್ಮಾ, ನೋಡಿಲ್ಲಿ, ನಿಮ್ ಲಕ್ಷ್ಮಿಕಾಂತ ನಿಮ್ ಬಗ್ಗೆ ಹೇಳ್ತಿದಾನೆ" ಎಂದು ಫೋನು ಕೈಗಿಟ್ಟರು. ಅವರು ಆ ತುಣುಕನ್ನಷ್ಟೇ ನೋಡಿದ್ದರು, ಅಮ್ಮನಿಗೆ ಖುಷಿಯಾಗುತ್ತದೆ ಅಂದುಕೊಂಡಿದ್ದರು. ನಾನು ಕಿತ್ತುಕೊಳ್ಳುವಷ್ಟರಲ್ಲಿ ಮುಗಿದಿತ್ತು. ಅಮ್ಮ ಇನ್ನೊಂದು ಸಲ ಹಾಕಿಸಿದಳು. ಆಮೇಲೆ ನನ್ನನ್ನು ಕೇಳಿದಳು: "ಆ ಆಫೀಸರು ಇವನೇನಾ?"

"ಹೂಂ" ಅಂದೆ.

ನೀವು ಕೇಳದಿದ್ದರೂ ನಾನು ಹೇಳುತ್ತೇನೆ, ನಿಮ್ಮ ಫೋನಿನ ನಂತರ ಏನಾಯಿತೆಂದು.

ಅಮ್ಮ ಮರುದಿನವೇ ಪಾಲಿಕೆ ಆಫೀಸಿಗೆ ಹೋದಳು. ಅಂಥ ಫೋನು ನಾವು ಮಾಡಿಲ್ಲ ಅಂದರು. ಅವಳು ನಂಬಲಿಲ್ಲ, ಯಾಕೆಂದರೆ ಆ ದನಿ ಅಷ್ಟು ಚೆನ್ನಾಗಿತ್ತು! ಜೆಸಿಬಿ ಬಂದಾಗ ಅಪ್ಪ ಮಂಚದ ಮೇಲಿರಬಾರದೆಂದು ಅವರನ್ನು ಹೊಸಕೋಟೆಯ ಮಾವನ ಮನೆಗೆ ಸಾಗಿಸಿದಳು. ತಾನು ದಿನಾ ಆಫೀಸಿಗೆ ಹೋಗಿ ಬಾಗಿಲ ಬಳಿ ಕೂತಳು, ಕೂಗಾಡಿದಳು. ಕೊನೆಗೆ ಒಬ್ಬ ಸಾಹೇಬರು, "ನಿಮ್ಮನೆಗೆ ಯಾರೂ ಬರಲ್ಲಮ್ಮ, ನಾನು ಹೇಳ್ತಿದೀನಲ್ಲ, ಹೋಗಿ" ಅಂದರು. ಅಪ್ಪನನ್ನು ಕರೆತರಲು ಹೊಸಕೋಟೆಗೆ ಹೊರಡುವಾಗಲೇ ಮಾವನ ಫೋನು ಬಂತು. ಅಪ್ಪ ಹೋಗಿಬಿಟ್ಟಿದ್ದರು.

"ಆಯಪ್ಪನ್ನ ಉಳಿಸ್ಕೊಳ್ಳಕ್ಕಾಗ್ಲಿಲ್ಲ, ಮನೆ ಉಳಿಸ್ಕೊಂಡೆ." ಇಷ್ಟು ವರ್ಷ ಅಮ್ಮ ನಮ್ಮ ಬೀದಿಗೆಲ್ಲ ಹೇಳಿದ ಕಥೆ ಇದು. ಆ ಕಥೆ ಕೇಳಿದ ಹೆಂಗಸರು ತಮ್ಮ ಮನೆಗೆ ನೋಟಿಸು ಬಂದಾಗ, ಪಿಂಚಣಿ ನಿಂತಾಗ ಅಮ್ಮನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಅವಳಿಗೆ ಓದು ಬರುವುದಿಲ್ಲ, ಆದರೆ ಯಾವ ಟೇಬಲ್ಲಿನ ಮುಂದೆಯೂ ಹೆದರುತ್ತಿರಲಿಲ್ಲ. ಒಂದು ಸಲ ಗೆದ್ದಿದ್ದೇನೆ ಅಂದುಕೊಂಡಿದ್ದಳು. ಅವತ್ತು ಅವಳ ಎದುರು ಯಾರೂ ಇರಲೇ ಇಲ್ಲ ಎಂದು ಈಗ ಗೊತ್ತಾಗಿದೆ. ಮೊನ್ನೆ ಪಕ್ಕದ ಬೀದಿಯ ಮುದುಕಿಯೊಬ್ಬರು ಪಿಂಚಣಿ ಆಫೀಸಿಗೆ ಬಾ ಎಂದು ಕರೆದರೆ, "ನಂಗೇನ್ ಗೊತ್ತಾಗತ್ತೆ, ಬೇರೆ ಯಾರನ್ನಾದ್ರೂ ಕರ್ಕೊಂಡ್ಹೋಗಿ" ಎಂದು ಒಳಗೆ ಹೋದಳು.

ಸಾಯಂಕಾಲ ಅವಳು ಮೆಟ್ಟಿಲ ಮೇಲೆ ಕೂತು ಮಾತು ಶುರುಮಾಡಿದರೆ ಇಡೀ ಬೀದಿ ನಗುತ್ತಿತ್ತು. ನೀವೂ ಅಲ್ಲೇ ಕೂತು ನಕ್ಕಿದ್ದೀರಿ, ಅಲ್ಲೇ ಅವಳ ದನಿ ಕಲಿತಿದ್ದೀರಿ. ಈಗ ಅವಳು ಅಲ್ಲಿ ಕೂರುವುದಿಲ್ಲ.

ಇನ್ನೊಂದು ವಿಷಯ. ಸ್ಕ್ರಿಪ್ಟ್ ಇರಲಿಲ್ಲ ಅಂದಿರಿ. ಸುಳ್ಳು. ಎರಡು ವರ್ಷದ ಹಿಂದೆ ಬೇರೊಂದು ಚಾನೆಲ್ಲಿನಲ್ಲಿ ಇದೇ ಕಥೆ ಹೇಳಿದ್ದೀರಿ, ನಾನು ಹುಡುಕಿ ನೋಡಿದೆ. ಅಲ್ಲಿ ಬಚ್ಚಲು ಇರಲಿಲ್ಲ. ಜನ ಅಷ್ಟಾಗಿ ನಕ್ಕಿರಲಿಲ್ಲ. ಈ ಸಲ ಬಚ್ಚಲು ಸೇರಿಸಿದಿರಿ, ಅದಕ್ಕೆ ಮುಂಚೆ ಒಂದು ಕ್ಷಣ ಸುಮ್ಮನಾಗುವುದನ್ನೂ ಕಲಿತಿದ್ದಿರಿ. ಬಾಯಿಗೆ ಬಂದದ್ದಲ್ಲ, ಅಳೆದು ಕತ್ತರಿಸಿದ್ದು.

ಹಳೆಯ ಎಪಿಸೋಡುಗಳನ್ನೂ ಮತ್ತೆ ನೋಡಿದೆ. ಯಾವ ಹೋಟೆಲಿನಲ್ಲಿ ಯಾರು ಗೊರಕೆ ಹೊಡೆದರು, ಯಾರ ಕಾರು ಎಲ್ಲಿ ಕೆಟ್ಟುನಿಂತಿತು. ಒಬ್ಬರಾದರೂ ತಮಗೆ ನೋವಾಗುವ ಒಂದು ಮಾತು ಆಡಿಲ್ಲ. ಇದನ್ನು ನೋಡಿಕೊಂಡು ನಾನು ಊಟ ಮಾಡುತ್ತಿದ್ದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬರುತ್ತಿದೆ.

ಮುನಿಗಂಗಮ್ಮ ಮತ್ತು ಆದಿನಾರಾಯಣ ಅವರ ಮಗಳು,
ಪೂಜಿತಾ


ಇಂದಿರಾನಗರ
೨ ಏಪ್ರಿಲ್ ೨೦೨೫

ಪೂಜಿತಾ,

ಅಣ್ಣಾರು ಹೋದದ್ದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಕಥೆಯನ್ನು ಎತ್ತುತ್ತಲೇ ಇರಲಿಲ್ಲ. ನೀನು ನಂಬುವುದಿಲ್ಲ, ಬಿಡು.

ಬಚ್ಚಲಿನ ವಿಷಯ ನೀನು ಹೇಳಿದ್ದು ನಿಜ. ಮೊದಲ ಸಲ ಸೇರಿಸಿರಲಿಲ್ಲ.

ಪ್ರೇಮ್‌ಕುಮಾರನ ಹತ್ತಿರ ಮಾತಾಡಿದೆ. ಅವನೂ ಬೇಜಾರು ಮಾಡಿಕೊಂಡ. ಅಕ್ಕಾರನ್ನು ಷೋಗೆ ಕರೆಸೋಣ ಅನ್ನುತ್ತಿದ್ದಾನೆ. ಅವರ ಎದುರಿಗೇ ನಾನು ಕ್ಷಮೆ ಕೇಳುತ್ತೇನೆ, ನಕ್ಕ ಜನರೆಲ್ಲ ಅದನ್ನೂ ನೋಡಲಿ. ಕಾರು ಕಳಿಸುತ್ತಾರೆ. ದಯವಿಟ್ಟು ಅಕ್ಕಾರನ್ನು ಕೇಳಿ ತಿಳಿಸು.

ಲಕ್ಷ್ಮಿಕಾಂತ


ದೇವಸಂದ್ರ
೯ ಏಪ್ರಿಲ್ ೨೦೨೫

ಲಕ್ಷ್ಮಿಕಾಂತ ಅವರಿಗೆ,

ನಿಮಗೆ ನಾಚಿಕೆಯಾಗುವುದಿಲ್ಲವೇ? ಕ್ಷಮೆ ಕೇಳಲೂ ನಿಮಗೆ ಲೈಟು ಬೇಕು, ಸೋಫಾ ಬೇಕು. ನಗಿಸಿ ಆಯಿತು, ಈಗ ಅಳಿಸುವ ಎಪಿಸೋಡು. ಇಂದಿರಾನಗರದಿಂದ ಕೆ.ಆರ್. ಪುರಕ್ಕೆ ಮೆಟ್ರೋ ಇದೆ. ಬಂದು ಬಾಗಿಲು ತಟ್ಟಲು ಯಾವ ಷೋದ ಅಪ್ಪಣೆ ಬೇಕಿತ್ತು?

ಇಷ್ಟು ಬರೆದು ಲಕೋಟೆ ಅಂಟಿಸಬೇಕೆಂದಿದ್ದೆ. ಆದರೆ ನಿಮ್ಮ ಕಾಗದವನ್ನು ಅಮ್ಮ ನನ್ನಿಂದ ಓದಿಸಿಕೊಂಡಳು. "ಹೋಗ್ತೀನಿ" ಅಂದಳು. ಜಗಳವಾಡಿದೆ. ಅವರಿಗೆ ನಿನ್ನ ಕಣ್ಣೀರು ಬೇಕಮ್ಮಾ, ಅದನ್ನೂ ಮಾರುತ್ತಾರೆ ಅಂದೆ. "ಮಾರ್ಲಿ. ಅವನ ಮುಖ ನೋಡ್ಬೇಕು ನಾನು. ನೀನು ಬರ್ಬೇಡ" ಅಂದಳು. ಕಾರು ಬೇಡವಂತೆ, ತಾನೇ ಬರುತ್ತಾಳಂತೆ.

ಅವಳಿಗೆ ಅಲ್ಲಿ ಏನಾದರೂ ಆದರೆ, ಆ ಸ್ಟುಡಿಯೊ ಎಲ್ಲಿದೆ ಎಂದು ನನಗೆ ಗೊತ್ತಿದೆ.

ಪೂಜಿತಾ


ದೇವಸಂದ್ರ
೮ ಮೇ ೨೦೨೫

ಲಕ್ಷ್ಮಿಕಾಂತ ಅವರಿಗೆ,

ಅಮ್ಮ ನಿಮ್ಮ ಸ್ಟುಡಿಯೊದಿಂದ ಬಂದು ಎರಡು ವಾರವಾಗುತ್ತಿದೆ. ಅವತ್ತು ಬಂದವಳೇ ಸೀರೆ ಬದಲಿಸಿ ಅಪ್ಪನ ಹಳೆಯ ಹೊದಿಕೆಗಳನ್ನೆಲ್ಲ ತೆಗೆದು ಒಗೆದು ಹಾಕಿದಳು. ಏನಾಯಿತು ಅಂದರೆ, "ಏನಿಲ್ಲ" ಎಂಬ ಒಂದೇ ಉತ್ತರ.

ಎಪಿಸೋಡೂ ಬಂದಿಲ್ಲ. ನಿನ್ನೆ ಷೋದವರಿಬ್ಬರು ಹೂವು ಹಣ್ಣು ತಂದು ಒಂದು ಕಾಗದಕ್ಕೆ ಅಮ್ಮನ ಹೆಬ್ಬೆಟ್ಟು ಕೇಳಿದರು. ಚಿತ್ರೀಕರಿಸಿದ್ದನ್ನು ಪ್ರಸಾರ ಮಾಡಲು ಒಪ್ಪಿಗೆಯಂತೆ. ಅಮ್ಮ ಹಣ್ಣಿನ ಬುಟ್ಟಿಯನ್ನು ತೆಗೆದು ಅವರ ಕಾರಿನ ಮೇಲಿಟ್ಟು ಬಂದು ಬಾಗಿಲು ಹಾಕಿದಳು.

ನನ್ನ ಅಮ್ಮನಿಗೆ ಅಲ್ಲಿ ಏನು ಮಾಡಿದಿರಿ? ಒಂದು ಮಾತೂ ಬಿಡದೆ ಬರೆಯಿರಿ. ಚೆಂದ ಮಾಡಬೇಡಿ.

ಪೂಜಿತಾ


ಇಂದಿರಾನಗರ
೧೪ ಮೇ ೨೦೨೫

ಪೂಜಿತಾ,

ಚೆಂದ ಮಾಡದೆ ಬರೆಯುತ್ತೇನೆ.

ಅಕ್ಕಾರು ಗಂಜಿ ಹಾಕಿದ ಹತ್ತಿಸೀರೆ ಉಟ್ಟು ಒಬ್ಬರೇ ಬಂದರು. ಮೇಕಪ್ಪಿನವಳು ಪೌಡರ್ ಹಚ್ಚಲು ಹೋದಾಗ, "ನಾನೇನ್ ಮದ್ವೆ ಹೆಣ್ಣಾ?" ಅಂದರು. ಎಲ್ಲರೂ ನಕ್ಕರು. ಪ್ರೇಮ್‌ಕುಮಾರ್ ಕುಣಿದುಬಿಟ್ಟ. "ಅಮ್ಮ, ಇದನ್ನೇ ಕ್ಯಾಮೆರಾ ಆನ್ ಆದ್ಮೇಲೆ ಇನ್ನೊಂದ್ಸಲ ಹೇಳಿ" ಅಂದ.

ಶೂಟಿಂಗ್ ಶುರುವಾಯಿತು. ಪ್ರೇಮ್‌ಕುಮಾರ್, "ಅಮ್ಮ, ಕರ್ನಾಟಕ ಪೂರ್ತಿ ನಿಮ್ ಫ್ಯಾನು. ಆ ಡೈಲಾಗು ಒಂದ್ಸಲ ನಿಮ್ ಬಾಯಲ್ಲೇ ಕೇಳ್ಬೇಕು" ಅಂದ.

"ಅದು ನಾನು ಆಫೀಸರಿಗೆ ಹೇಳಿದ್ದು. ನೀನು ಆಫೀಸರಾ?"

ಮತ್ತೆ ನಗು. ಅಕ್ಕಾರು ನಗಲಿಲ್ಲ. ನನ್ನ ಕಡೆ ತಿರುಗಿದರು. "ಲಕ್ಷ್ಮಿಕಾಂತ, ನೀನ್ ಹೇಳು. ಇಲ್ಲಿ ಕೂತ್ಕೊಂಡು ಹೇಳ್ದ್ಯಲ್ಲ, ಹಂಗೇ ಹೇಳು. ಕೇಳ್ತೀನಿ."

ಹೇಳಲು ಶುರುಮಾಡಿದೆ. ಆಫೀಸರ ದನಿ ಬಂತು, ಅಭ್ಯಾಸಬಲ. ಬಚ್ಚಲಿನ ಮಾತು ಬಂದಾಗ ನಿಲ್ಲಿಸಿದೆ. "ನಿಲ್ಲಿಸ್ಬೇಡ" ಅಂದರು. ಅದನ್ನೂ ಹೇಳಿದೆ, ಅವರ ಮುಂದೆ, ಅವರದೇ ದನಿಯಲ್ಲಿ. ಯಾರೂ ನಗಲಿಲ್ಲ.

"ಆಮೇಲೆ?"

"ಆಮೇಲೆ ಫೋನ್ ಇಟ್ಟೆ ಅಕ್ಕಾರ."

"ನಗಕ್ಕೆ ಇಟ್ಯಾ?"

ಹೂಂ ಅಂದೆ.

ಆಗ ಅವರು ಹೇಳಿದರು. ನಾನು ಇಟ್ಟದ್ದು ತಿಳಿಯದೆ ಇನ್ನೂ ಎಷ್ಟೋ ಹೊತ್ತು ಫೋನಿನಲ್ಲಿ ಬೇಡಿಕೊಳ್ಳುತ್ತಲೇ ಇದ್ದರಂತೆ. ಅಣ್ಣಾರನ್ನು ಹಾಸಿಗೆ ಸಮೇತ ಟೆಂಪೋಕ್ಕೆ ಏರಿಸುವಾಗ ಅವರು ಆಡುವ ಕೈಯಿಂದ ಬಾಗಿಲ ಚೌಕಟ್ಟು ಹಿಡಿದುಬಿಟ್ಟರಂತೆ. ಅಕ್ಕಾರೇ ಬೆರಳು ಬಿಡಿಸಿದರಂತೆ. ಹೊಸಕೋಟೆಯಲ್ಲಿ ಅಣ್ಣಾರು ದಿನಾ ಬೆಳಿಗ್ಗೆ, "ಕೆಡವಿದ್ರಾ?" ಎಂದು ಕೇಳುತ್ತಿದ್ದರಂತೆ. "ಇಲ್ಲ, ಕೆಡವಲ್ಲ ಅಂದ್ರು ಅಂತ ಹೇಳಕ್ಕೆ ಹೊರಟಿದ್ದೆ ಕಣೋ. ಬಸ್‌ ಸ್ಟಾಪಲ್ಲಿದ್ದೆ." ಅಷ್ಟು ಹೇಳಿ ನಿಲ್ಲಿಸಿದರು. ಅಳಲಿಲ್ಲ.

ಪ್ರೇಮ್‌ಕುಮಾರ್ ಕಣ್ಣೊರೆಸಿಕೊಂಡ. ನಿಜವಾಗಿಯೂ ಅತ್ತಿದ್ದ. ಅತ್ತುಕೊಂಡೇ, "ಅಮ್ಮ, ಲಕ್ಷ್ಮಿಕಾಂತನ್ನ ಒಂದ್ಸಲ ತಬ್ಕೊಳ್ಳಿ" ಅಂದ.

"ಯಾಕೆ?" ಅಂದರು ಅಕ್ಕಾರು.

ಅಕ್ಕಾರು ಸೀರೆಗೆ ಸಿಕ್ಕಿಸಿದ್ದ ಮೈಕನ್ನು ಬಿಚ್ಚಿ ಸೋಫಾದ ಮೇಲಿಟ್ಟು ಎದ್ದು ಹೋದರು. ನಾನು ಹಿಂದೆ ಓಡಿದೆ. ಮೆಟ್ರೋ ಸ್ಟೇಷನ್ನಿನವರೆಗೂ ತಪ್ಪಾಯಿತು ಅನ್ನುತ್ತಾ ಪಕ್ಕದಲ್ಲೇ ನಡೆದೆ. ಅಕ್ಕಾರು ಒಂದು ಮಾತೂ ಆಡಲಿಲ್ಲ, ಬೈಯಲೂ ಇಲ್ಲ. ದಾರಿಯಲ್ಲಿ ಯಾರೋ ನನ್ನ ಜೊತೆ ಸೆಲ್ಫಿ ಕೇಳಿದರು. ತಿರುಗಿ ನೋಡುವಷ್ಟರಲ್ಲಿ ಅಕ್ಕಾರು ಗೇಟಿನ ಒಳಗೆ ಹೋಗಿದ್ದರು.

ವಾಪಸು ಬಂದಾಗ ಪ್ರೇಮ್‌ಕುಮಾರ್, "ಮಗಾ, ಆ 'ಯಾಕೆ' ಒಂದನ್ನ ಕಟ್ ಮಾಡಿದ್ರೆ ಇದು ನಮ್ಮ ದೊಡ್ಡ ಎಪಿಸೋಡು" ಅಂದ. ಅವನ ಕೊರಳಪಟ್ಟಿ ಹಿಡಿದೆ. ಅದೂ ರೆಕಾರ್ಡ್ ಆಗಿದೆಯಂತೆ.

ಷೋದ ಬಗ್ಗೆ ನೀನು ಬರೆದದ್ದು ಸರಿ. ನಾವು ನಮ್ಮ ಬಗ್ಗೆ ನಿಜ ಹೇಳಿದರೆ ಸಿನಿಮಾ ಕೈತಪ್ಪುತ್ತದೆ, ನಿರ್ಮಾಪಕರ ಬಗ್ಗೆ ಹೇಳಿದರೆ ಕೇಸು ಬೀಳುತ್ತದೆ. ಅದಕ್ಕೆ, ತಿರುಗಿ ಏನೂ ಮಾಡಲಾಗದವರನ್ನು ಹುಡುಕಿಕೊಳ್ಳುತ್ತೇವೆ. ಹಳೆಯ ಎಪಿಸೋಡನ್ನು ಜಗಳ ಮಾಡಿ ತೆಗೆಸಿದ್ದೇನೆ. ತುಣುಕುಗಳು ಎಲ್ಲೆಲ್ಲಿ ಓಡಾಡುತ್ತಿವೆಯೋ, ಅವು ನನ್ನ ಕೈಗೆ ಸಿಗುತ್ತಿಲ್ಲ.

ನಾನು ಮನೆಗೆ ಬರಬಹುದಾ? ಅಕ್ಕಾರನ್ನು ಕೇಳು.

ಲಕ್ಷ್ಮಿಕಾಂತ


ದೇವಸಂದ್ರ
೧ ಜೂನ್ ೨೦೨೫

ಲಕ್ಷ್ಮಿಕಾಂತ ಅವರಿಗೆ,

ಬೆರಳು ಬಿಡಿಸಿದ್ದನ್ನು ಅಮ್ಮ ನನಗೆ ಯಾವತ್ತೂ ಹೇಳಿರಲಿಲ್ಲ. ಅದನ್ನು ನಿಮ್ಮ ಕಾಗದದಲ್ಲಿ ಓದಬೇಕಾಯಿತು. ಇದಕ್ಕೂ ನಿಮ್ಮ ಮೇಲೆ ನನಗೆ ಸಿಟ್ಟಿದೆ. ಇದು ನ್ಯಾಯವೋ ಅಲ್ಲವೋ ಎಂದು ಯೋಚಿಸಲು ನನಗೆ ಇಷ್ಟವಿಲ್ಲ.

ಎಪಿಸೋಡ್ ತೆಗೆಸಿದ್ದಕ್ಕೆ ನಾನು ಕೃತಜ್ಞಳಾಗಬೇಕೆಂದು ನಿಮಗೆ ಅನ್ನಿಸಿದ್ದರೆ, ಆಗಿಲ್ಲ. ನಿನ್ನೆ ಅಂಗಡಿಗೆ ಬಂದ ಹುಡುಗಿಯ ಫೋನು, ಷೋದಲ್ಲಿ ನೀವು ಅತ್ತು ತೋರಿಸಿದ ನನ್ನ ಅಮ್ಮನ ಅಳುವಿನಲ್ಲಿ ರಿಂಗಾಯಿತು. ಅವಳ ಕಣ್ಣು ಪರೀಕ್ಷೆ ಮಾಡುತ್ತಿದ್ದವಳು ಎದ್ದು ಹೊರಗೆ ಹೋಗಿ ನಿಂತೆ. ಅವಳಿಗೆ ಏನೆಂದು ಹೇಳಲಿ? ಹಿಂದೆಯೇ ಬಂದು, "ತುಂಬ ಫನ್ನಿ ಅಲ್ವಾ ಮೇಡಂ" ಅಂದಳು. ಒಳ್ಳೆಯ ಹುಡುಗಿ. ಅವಳ ಮೇಲೆ ಕೂಗಾಡಿದೆ, ಮಾಲೀಕರಿಂದ ಬೈಸಿಕೊಂಡೆ.

ಅಮ್ಮ ಮೊನ್ನೆ ಆ ಮುದುಕಿಯ ಜೊತೆ ಪಿಂಚಣಿ ಆಫೀಸಿಗೆ ಹೋಗಿ ಬಂದಳು. ಕೆಲಸ ಆಗಲಿಲ್ಲ, ಮತ್ತೆ ಬರಲು ಹೇಳಿದ್ದಾರೆ. ಹೇಗಿತ್ತು ಎಂದು ಕೇಳಿದೆ. "ಕಾಲು ನಡುಗ್ತು" ಅಂದಳು. ಅವಳ ಬಾಯಿಂದ ಈ ಮಾತನ್ನು ನಾನು ಕೇಳಿದ್ದು ಇದೇ ಮೊದಲು. ಆದರೂ ಸೋಮವಾರ ಮತ್ತೆ ಹೋಗುತ್ತಾಳಂತೆ.

ನೀವು ಬರಬಹುದಾ ಎಂದು ಅವಳನ್ನು ಕೇಳಿದೆ. ತರಕಾರಿ ಹೆಚ್ಚುತ್ತಲೇ ಉತ್ತರ ಕೊಟ್ಟಳು. ಅವಳು ಹೇಳಿದಂತೆಯೇ ಬರೆಯುತ್ತಿದ್ದೇನೆ:

"ಬರ್ಲಿ. ಹಸ್ಕೊಂಡ್ ಬಂದ್ರೆ ಊಟ ಹಾಕ್ತೀನಿ. ಈ ಮನೇಲಿ ಉಂಡೋನು, ಇಲ್ಲ ಅನ್ನಲ್ಲ. ಆದ್ರೆ ನಾನು ಅವನ್ ಹತ್ರ ಮಾತಾಡಲ್ಲ. ಬದುಕಿರೋ ತನಕ ಒಂದ್ ಮಾತೂ ಆಡಲ್ಲ ಅಂತ ಬರಿ."

ನಾನಾಗಿದ್ದರೆ ಊಟವನ್ನೂ ಹಾಕುತ್ತಿರಲಿಲ್ಲ.

ಪೂಜಿತಾ